ಗ್ರೂಪಿಗೆ ಹಾಕಿದ್ದು ಯಾರಿಗೆ ಮುಟ್ಟಿತು?

ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ನಾನು ‘ಓಂ ಶಾಂತಿ’ ಬರೆಯುವುದಿಲ್ಲ. ಕೈಮುಗಿದ ಇಮೋಜಿಯನ್ನೂ ಹಾಕುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಮದುವೆಯ ದಿನಕ್ಕೆ ಹೂಗುಚ್ಛದ ಚಿತ್ರ, ಇವೂ ನನ್ನಿಂದ ಹೋಗುವುದಿಲ್ಲ. ಇದನ್ನು ಗಮನಿಸಿದವರಿದ್ದಾರೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸಂಘದ ಮಹಿಳಾ ವಿಭಾಗದ ಗೆಳತಿಯೊಬ್ಬರು ಮೊನ್ನೆ ನೇರವಾಗಿಯೇ ಕೇಳಿದರು: “ಅಕ್ಕ, ಅಷ್ಟು ಹತ್ತಿರದವರು ಹೋದ್ರು, ನೀವು ಗ್ರೂಪಲ್ಲಿ ಒಂದು ಅಕ್ಷರ ಹಾಕ್ಲಿಲ್ಲ. ಏನಾದ್ರೂ ಮನಸ್ತಾಪ ಉಂಟಾ?”

ಮನಸ್ತಾಪ ಏನೂ ಇಲ್ಲ. ಸುದ್ದಿ ಬಂದ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಅದು ಗ್ರೂಪಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಗೆಳತಿ ಕೇಳಿದ್ದು ಕಾಳಜಿಯಿಂದ, ಹಾಗಾಗಿ ನನ್ನ ರೂಢಿ ಏನು, ಯಾಕೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರಿಗೆ ಹೇಳಬೇಕಾದ ಮಾತನ್ನು ಆ ಒಬ್ಬರಿಗೇ ಹೇಳುತ್ತೇನೆ, ಎಲ್ಲರಿಗೂ ಬೇಕಾದದ್ದನ್ನು ಎಲ್ಲರಿಗೂ ಹೇಳುತ್ತೇನೆ. ಎರಡನ್ನೂ ಬೆರೆಸುವುದಿಲ್ಲ.

ಫೋನನ್ನು ಬೈಯುವ ಬರಹ ಇದಲ್ಲ. ಡೊಂಬಿವಲಿಯಿಂದ ದಿನಾ ಬೆಳಿಗ್ಗೆ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗುವ ಫಾಸ್ಟ್ ಲೋಕಲ್ ಹಿಡಿಯುವ ಹೆಂಗಸು ಫೋನನ್ನು ಬೈದು ಬದುಕುವುದಕ್ಕಾಗುವುದಿಲ್ಲ. ನಮ್ಮ ಲೇಡೀಸ್ ಡಬ್ಬಿಗೆ ಒಂದು ಗ್ರೂಪ್ ಇದೆ. ಮರಾಠಿಯವರು, ಗುಜರಾತಿಯವರು, ಮಲಯಾಳಿಗಳು, ನಾವು ಕೆಲವರು ಕನ್ನಡದವರು. ಕಲ್ಯಾಣದಲ್ಲಿ ಹತ್ತಿದವಳು “ಗಾಡಿ ಠಾಕುರ್ಲಿಯಲ್ಲಿ ನಿಂತಿದೆ” ಎಂದು ಹಾಕಿದರೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರುವ ನಾವು ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ಹಿಡಿಯಬೇಕೋ ಬೇಡವೋ ಎಂದು ನಿರ್ಧರಿಸುತ್ತೇವೆ. ಬಸುರಿಯೊಬ್ಬಳು ಬರುತ್ತಿದ್ದಾಳೆ, ಮೂರನೇ ಬಾಗಿಲ ಹತ್ತಿರ ಜಾಗ ಇಡಿ ಎಂದರೆ ಅವಳಿಗೆ ನಿಜವಾಗಿಯೂ ಜಾಗ ಸಿಗುತ್ತದೆ. ಗ್ರೂಪ್ ಇಲ್ಲದವರು ಲೋಕಲ್ ರೈಲಿನ ಮಾಹಿತಿ ಕೊಡುವ ಎಂ-ಇಂಡಿಕೇಟರ್ ಆ್ಯಪಿನ ಚಾಟ್ ನೋಡಿಕೊಳ್ಳುತ್ತಾರೆ. 2017ರ ಆಗಸ್ಟ್ 29ರ ಮಳೆಯಲ್ಲಿ ಲೋಕಲ್ ನಿಂತು ಹೋದಾಗ ಗುರುತು ಪರಿಚಯ ಇಲ್ಲದವರಿಗೆ “ನಮ್ಮ ಮನೆಗೆ ಬನ್ನಿ, ಊಟ ಇದೆ, ಮಲಗಲು ಜಾಗ ಇದೆ” ಎಂದು ಟ್ವಿಟರಿನಲ್ಲಿ ವಿಳಾಸ ಕೊಟ್ಟವರು ಇದೇ ಮುಂಬಯಿಯವರು. ಅಂಥ ಸುದ್ದಿ ನೂರು ಮಂದಿಗೆ ಹೋದಷ್ಟೂ ಒಳ್ಳೆಯದು. ರಕ್ತ ಬೇಕಾಗಿದೆ, ಬಾಡಿಗೆಗೆ ಖೋಲಿ ಇದೆ, ಹುಡುಗನಿಗೆ ಕೆಲಸ ಬೇಕು, ಭಾನುವಾರ ಮಾಟುಂಗದಲ್ಲಿ ಯಕ್ಷಗಾನ ಇದೆ, ಇವೆಲ್ಲ ಹಾಗೆಯೇ.

ಆದರೆ ದುಃಖದ ಮನೆ ಬೇರೆ.

ಆ ಸಂಜೆ ನಾನು ಹೋದದ್ದು ಮುಂಬಯಿಯ ಭಾಂಡುಪಿಗೆ. ತೀರಿಕೊಂಡವರನ್ನು ನಾವೆಲ್ಲ ಮಾಮ ಎಂದೇ ಕರೆಯುತ್ತಿದ್ದೆವು. ಮಾಮಿ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಫೋನು. ಅದು ಸುಮ್ಮನಿರಲೇ ಇಲ್ಲ. ಓಂ ಶಾಂತಿ, ಓಂ ಶಾಂತಿ, ಕೈಮುಗಿದ ಚಿತ್ರ, ದೀಪದ ಚಿತ್ರ, ಮತ್ತೆ ಓಂ ಶಾಂತಿ. ಕುಟುಂಬದ ಗ್ರೂಪು, ಸಂಘದ ಗ್ರೂಪು, ಭಜನಾ ಮಂಡಳಿಯ ಗ್ರೂಪು, ಊರಿನ ದೇವಸ್ಥಾನದ ಗ್ರೂಪು, ಎಲ್ಲದರಲ್ಲೂ ಅದೇ. ಹೆಚ್ಚಿನವರ ಹೆಸರು ಅವರ ಫೋನಿನಲ್ಲಿ ಸೇವ್ ಆಗಿರಲಿಲ್ಲ, ಬರೀ ನಂಬರು ಕಾಣುತ್ತಿತ್ತು. “ಇವರೆಲ್ಲ ಯಾರು ಮಾರಾಯ್ತಿ?” ಎಂದು ಕೇಳಿದರು. ನಾನು ಏನು ಹೇಳಲಿ? ಮಗಳು ಮಂಗಳೂರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಹೊರಟಿದ್ದಳು. ಎಲ್ಲಿಗೆ ತಲುಪಿದಳು ಎಂದು ಮಾಮಿಗೆ ಅದೊಂದೇ ಚಿಂತೆ. ನಾನು ಫೋನು ತೆಗೆದುಕೊಂಡು ಕುಟುಂಬದ ಗ್ರೂಪಿನಲ್ಲಿ ಮೇಲಕ್ಕೆ ಮೇಲಕ್ಕೆ ಹೋಗುತ್ತಾ ಹುಡುಕಿದೆ. ಆ ಎಲ್ಲ ಕೈಮುಗಿದ ಚಿತ್ರಗಳ ನಡುವೆ ಒಂದು ಸಾಲು ಇತ್ತು: “ಮಡಗಾಂವ್ ಬಂತು. ಬೆಳಿಗ್ಗೆ ಠಾಣೆಯಲ್ಲಿ ಇಳೀತೇನೆ, ಯಾರಾದ್ರೂ ಬರ್ತೀರಾ?” ಹಾಕಿ ಬಹಳ ಹೊತ್ತಾಗಿತ್ತು. ಯಾರೂ ಉತ್ತರ ಕೊಟ್ಟಿರಲಿಲ್ಲ. ಅದರ ಕೆಳಗೂ ಜನ ಓಂ ಶಾಂತಿ ಬರೆದುಕೊಂಡೇ ಹೋಗಿದ್ದರು.

ಅಪ್ಪನನ್ನು ಕಳೆದುಕೊಂಡು ರೈಲಿನಲ್ಲಿ ಒಬ್ಬಳೇ ಬರುತ್ತಿರುವ ಹುಡುಗಿ ಕೇಳಿದ ಪ್ರಶ್ನೆ ಅದು. ಗ್ರೂಪಿನಲ್ಲಿದ್ದ ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಮಾಮನ ಮೇಲೆ ಪ್ರೀತಿ ಇತ್ತು. ಆದರೂ ಯಾರ ಕಣ್ಣಿಗೂ ಆ ಸಾಲು ಬೀಳಲಿಲ್ಲ. ಯಾಕೆಂದರೆ ಅಲ್ಲಿ ಬರೆಯಲು ಬಂದವರು ಓದಲು ಬಂದಿರಲಿಲ್ಲ. ಬರೆದು ಮುಗಿಸಿದ ಕೂಡಲೇ ಕರ್ತವ್ಯ ಮುಗಿಯಿತು ಎಂಬ ಸಮಾಧಾನ ಸಿಗುತ್ತದಲ್ಲ, ನನಗೆ ಭಯ ಹುಟ್ಟಿಸುವುದು ಆ ಸಮಾಧಾನ. ನಾಳೆ ಫೋನ್ ಮಾಡೋಣ, ಭಾನುವಾರ ಹೋಗಿ ಬರೋಣ ಎಂಬ ತುಡಿತವನ್ನು ಅದು ಅಲ್ಲೇ ಆರಿಸಿಬಿಡುತ್ತದೆ.

ಆ ರಾತ್ರಿ ಮಾಮಿ ಮಾಮನ ಕತೆ ಹೇಳಿದರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು ಅವರು. ಅವರ ಅಪ್ಪ ತೀರಿಕೊಂಡ ಕಾಗದ ಕೈಗೆ ಸಿಗುವಾಗ ಊರಿನಲ್ಲಿ ಉತ್ತರಕ್ರಿಯೆಯೂ ಮುಗಿದಿತ್ತಂತೆ. ಕ್ಯಾಂಟೀನಿನ ಧಣಿ ಆ ದಿನ ಅವರನ್ನು ಕೆಲಸಕ್ಕೆ ಕರೆಯದೆ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿಸಿದ್ದನ್ನು ಮಾಮ ಕೊನೆಯವರೆಗೂ ನೆನೆಸುತ್ತಿದ್ದರು. ಕೊಂಕಣ ರೈಲು ಇಲ್ಲದ ಕಾಲ ಅದು. ಆ ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಸುದ್ದಿಗೆ ಅಷ್ಟು ತಡ ಆಗುತ್ತಿದ್ದ ದಿನ ನಮಗೆ ಮತ್ತೆ ಬೇಡ. ಈಗ ಸುದ್ದಿ ಕ್ಷಣದಲ್ಲಿ ಬರುತ್ತದೆ, ಅದಕ್ಕೆ ನಾನು ಕೃತಜ್ಞಳು. ಮನುಷ್ಯರೂ ಅದೇ ವೇಗದಲ್ಲಿ ಬರಬೇಡವೇ ಎಂಬುದಷ್ಟೇ ನನ್ನ ಪ್ರಶ್ನೆ.

ಹೀಗೆ ಹೇಳಿದಾಗ ನನ್ನ ತಮ್ಮ ವಾದ ಮಾಡಿದ. “ಅಕ್ಕ, ಹಿಂದೆ ಟೆಲಿಗ್ರಾಂನಲ್ಲೂ ಶುಭಾಶಯಗಳೆಲ್ಲ ರೆಡಿಮೇಡೇ ಅಲ್ವಾ? ನಂಬರ್ ಹೇಳಿದ್ರೆ ಸಾಲು ಹೋಗ್ತಿತ್ತು. ಆಗ ಯಾರೂ ಕೃತಕ ಅನ್ಲಿಲ್ಲ.” ಅವನು ಹೇಳಿದ್ದು ನಿಜ. ತಂತಿ ಕಚೇರಿಯಲ್ಲಿ ಮದುವೆಗೆ, ಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ ಸಿದ್ಧ ವಾಕ್ಯಗಳಿದ್ದವು, ಒಂದೊಂದಕ್ಕೂ ಒಂದೊಂದು ಸಂಖ್ಯೆ. 2013ರ ಜುಲೈಯಲ್ಲಿ ಆ ಸೇವೆಯೇ ನಿಂತಿತು. ಆದರೆ ಆ ಸಿದ್ಧ ವಾಕ್ಯ ಒಂದು ಹೆಸರಿಗೆ, ಒಂದು ವಿಳಾಸಕ್ಕೆ ಹೋಗುತ್ತಿತ್ತು. ಅಂಚೆಯವನು ಆ ಬಾಗಿಲನ್ನೇ ತಟ್ಟುತ್ತಿದ್ದ. ಮಾತು ಯಾರದ್ದೋ ಬರೆದಿಟ್ಟದ್ದು ಆಗಿರಬಹುದು, ಅದನ್ನು ಪಡೆದವರಿಗೆ ಮಾತ್ರ ಇದು ನನಗಾಗಿಯೇ ಬಂದದ್ದು ಎಂದು ಗೊತ್ತಿತ್ತು. ಓಂ ಶಾಂತಿ ಎಂಬ ಮಾತಿನ ಮೇಲೆ ನನಗೆ ಕೋಪವಿಲ್ಲ. ಮಾಮಿಗೆ ಅದನ್ನೇ ಬೇರೆಯಾಗಿ ಕಳಿಸಿ, ಕೆಳಗೆ ನಿಮ್ಮ ಹೆಸರು ಬರೆದರೆ ಸಾಕು, ಅದು ಅವರದ್ದಾಗುತ್ತದೆ.

ಈ ಗುಂಪುಗಳು ಬೆಳೆದ ರೀತಿಯೂ ಒಂದು ಕಾರಣ. ವಾಟ್ಸಾಪಿನಲ್ಲಿ ಒಂದು ಕಾಲಕ್ಕೆ ಒಂದು ಗ್ರೂಪಿಗೆ ನೂರು ಮಂದಿ ಎಂಬ ಮಿತಿ ಇತ್ತು. 2016ರಲ್ಲಿ ಅದು 256 ಆಯಿತು, 2022ರಲ್ಲಿ 512, ಅದೇ ವರ್ಷ 1024. ಚಿಕ್ಕಪ್ಪ ದೊಡ್ಡಪ್ಪಂದಿರ ಗ್ರೂಪು ಎಂದು ಶುರುವಾದದ್ದು ನೋಡನೋಡುತ್ತ ಸಭಾಭವನ ಆಗಿಬಿಟ್ಟಿತು. ಸಭೆಯಲ್ಲಿ ಮನುಷ್ಯ ಬೇರೆಯಾಗಿಯೇ ಮಾತಾಡುತ್ತಾನೆ. ನೋಡುವವರಿದ್ದಾರೆ, ಎಣಿಸುವವರಿದ್ದಾರೆ. ನಾನು ಹಾಕದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅಲ್ಲಿಂದ ಬರುತ್ತದೆ. ನನ್ನ ಗೆಳತಿ ಕೇಳಿದ ಪ್ರಶ್ನೆಯ ಬೇರು ಇಲ್ಲೇ ಇದೆ.

ಕೊರೊನಾ ಕಾಲವನ್ನು ಬಿಟ್ಟು ಈ ಮಾತು ಮುಗಿಸಲಾಗದು. 2020ರ ಮಾರ್ಚ್ ಕೊನೆಗೆ ಲೋಕಲ್ ನಿಂತಿತು. ಸಾಮಾನ್ಯ ಜನ ಮತ್ತೆ ಹತ್ತುವಾಗ 2021ರ ಫೆಬ್ರವರಿ, ಅದೂ ಕೆಲವೇ ಹೊತ್ತಿಗೆ. ಆ ತಿಂಗಳುಗಳಲ್ಲಿ ಸತ್ತವರ ಮುಖ ನಾವು ನೋಡಿದ್ದು ಫೋನಿನಲ್ಲಿ. ಆಗ ಗ್ರೂಪಿನಲ್ಲಿ ಬರೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ, ಬರೆದ ಒಂದೊಂದು ಸಾಲಿಗೂ ಬೆಲೆ ಇತ್ತು. ಹೋಗಲಾಗದ ಕಾಲದ ರೂಢಿ ಹೋಗಬಹುದಾದ ಕಾಲದಲ್ಲೂ ಉಳಿದುಕೊಂಡದ್ದು ನನಗೆ ಸರಿ ಕಾಣುವುದಿಲ್ಲ.

ಅದೇ ಕಾಲದ ಇನ್ನೊಂದು ನೆನಪು. 2020ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಊರಿಗೆ ಹೋದವರಲ್ಲಿ ಸೋಂಕು ಕಂಡು ಉಡುಪಿ, ಮಂಡ್ಯ ಕಡೆ ದೊಡ್ಡ ಗದ್ದಲ ಆಯಿತು. ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಕೆಲವು ದಿನ ಬಾಗಿಲನ್ನೇ ಮುಚ್ಚಿತು. ನಮ್ಮ ಊರಿನ ಗ್ರೂಪಿನಲ್ಲಿ “ಮುಂಬಯಿಯವರನ್ನು ಒಳಗೆ ಬಿಡಬೇಡಿ” ಎಂಬ ಮಾತು ದಿನವಿಡೀ ಓಡಾಡಿತು. ಜಾತ್ರೆಗೆ, ಶಾಲೆಯ ಕಟ್ಟಡಕ್ಕೆ ನಮ್ಮಿಂದ ದೇಣಿಗೆ ತೆಗೆದುಕೊಂಡವರೂ ಅದಕ್ಕೆ ಹೆಬ್ಬೆರಳಿನ ಇಮೋಜಿ ಹಾಕಿದ್ದರು. ಎದೆಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಅದೇ ರಾತ್ರಿ ಪಕ್ಕದ ಮನೆಯ ಹುಡುಗ ನನಗೊಬ್ಬಳಿಗೇ ಬರೆದ: “ಅಕ್ಕ, ಗ್ರೂಪಲ್ಲಿ ಬಂದದ್ದು ನೋಡಿ ಬೇಜಾರು ಮಾಡ್ಬೇಡಿ. ಅಮ್ಮನಿಗೆ ಬಿಪಿ ಮಾತ್ರೆ ತಂದುಕೊಟ್ಟಿದ್ದೇನೆ. ಬೆಳಿಗ್ಗೆ ಹಾಲು ನಮ್ಮ ಮನೆಯಿಂದ ಹೋಗ್ತದೆ.” ಗ್ರೂಪಿನಲ್ಲಿ ಅವನು ಯಾರ ಪರವಾಗಿಯೂ ವಾದ ಮಾಡಲಿಲ್ಲ. ನನಗೆ ಅದರ ಅಗತ್ಯವೂ ಇರಲಿಲ್ಲ.

ಜಗಳಕ್ಕೂ ಇದೇ ಕ್ರಮ. ಯಾರಾದರೂ ಸುಳ್ಳು ಸುದ್ದಿ ಫಾರ್ವರ್ಡ್ ಮಾಡಿದರೆ ನಾನು ಗ್ರೂಪಿನಲ್ಲಿ ತಿದ್ದುವುದಿಲ್ಲ. ಹಾಕಿದವರಿಗೇ ಫೋನ್ ಮಾಡುತ್ತೇನೆ. “ಅಣ್ಣ, ಇದು ಎಲ್ಲಿಂದ ಬಂತು? ನಿಮಗೆ ಗೊತ್ತಿದ್ದವರಾ ಕಳಿಸಿದ್ದು?” ಎಂದು ಕೇಳಿದರೆ ಹೆಚ್ಚಿನವರು ತಾವಾಗಿಯೇ ಅಳಿಸುತ್ತಾರೆ. ಎರಡು ದಿನದೊಳಗಾದರೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಎಲ್ಲರೆದುರು ಹೇಳಿದರೆ ಅದೇ ಅಣ್ಣ ಮಾನ ಉಳಿಸಿಕೊಳ್ಳಲು ಸುಳ್ಳನ್ನೇ ಸಮರ್ಥಿಸುತ್ತಾರೆ. ಇದು ಸಣ್ಣ ವಿಷಯ ಅಲ್ಲ. 2018ರ ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರು ಎಂಬ ವದಂತಿಗೆ ಐವರು ಅಲೆಮಾರಿಗಳನ್ನು ಹೊಡೆದು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಕೊಂದರು. ಆಮೇಲೆ ಭಾರತದಲ್ಲಿ ಫಾರ್ವರ್ಡ್ ಮಾಡುವುದಕ್ಕೆ ಒಮ್ಮೆಗೆ ಐದು ಚಾಟ್ ಎಂಬ ಮಿತಿ ಬಂತು. ಐದು ಎಂದರೂ ಆಗ ಐದು ಗ್ರೂಪುಗಳಿಗೆ ಹಾಕಬಹುದಿತ್ತು, ಒಂದೊಂದರಲ್ಲಿ ನೂರಾರು ಮಂದಿ. ಬೆರಳು ಒತ್ತುವವರೇ ತಡೆದುಕೊಳ್ಳಬೇಕು.

ಫೇಸ್‌ಬುಕ್ಕಿನ ಕಮೆಂಟುಗಳಲ್ಲಿ ಜಗಳಕ್ಕಿಳಿಯದಿರಲು ಇನ್ನೊಂದು ಕಾರಣ ಇದೆ. 2021ರಲ್ಲಿ ಆ ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಂದವು. 2017ರಿಂದ ಕೆಲವು ವರ್ಷ ಕೋಪದ ಮುಖವೂ ಸೇರಿ ಇಮೋಜಿ ಪ್ರತಿಕ್ರಿಯೆಗಳಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟು, ಅಂಥ ಪೋಸ್ಟುಗಳನ್ನು ಹೆಚ್ಚು ಮಂದಿಗೆ ತೋರಿಸುತ್ತಿದ್ದರು ಎಂದು ಅದರಿಂದ ತಿಳಿಯಿತು. ಮುಂದೆ ಕೋಪದ ತೂಕವನ್ನು ಸೊನ್ನೆಗೆ ಇಳಿಸಿದರು. ನನ್ನ ಸಿಟ್ಟು ಯಾರದ್ದೋ ಲೆಕ್ಕಕ್ಕೆ ಸರಕಾಗುವುದು ನನಗೆ ಬೇಡ.

ಹಾಗಂತ ಎಲ್ಲರೆದುರು ಮಾತೇ ಆಡಬಾರದು ಎನ್ನುವವಳಲ್ಲ ನಾನು. ನೀರು, ರೈಲು, ಶಾಲೆ, ಸರಕಾರ, ಇವು ಎಲ್ಲರ ವಿಷಯ. ಇವುಗಳ ಬಗ್ಗೆ ಇಲ್ಲಿ ಬರೆಯುತ್ತೇನೆ, ಇನ್ನೂ ಬರೆಯುತ್ತೇನೆ. 2012ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಆದ ಮುಂಬಯಿ ಬಂದ್ ಬಗ್ಗೆ ಪ್ರಶ್ನೆ ಎತ್ತಿ ಪಾಲ್ಘರಿನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಆ ಸಿಟ್ಟಿನಿಂದ ಹುಟ್ಟಿದ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಬಂಧಿಸಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು. ಎಲ್ಲರೆದುರು ಅಭಿಪ್ರಾಯ ಹೇಳುವ ಹಕ್ಕಿಗೆ ಅಷ್ಟು ಬೆಲೆ ಕೊಟ್ಟವರಿದ್ದಾರೆ. ಅದನ್ನು ಕೇಕಿನ ಚಿತ್ರ ಹಂಚುವುದಕ್ಕೆ ಸವೆಸಲು ನನಗೆ ಮನಸ್ಸಿಲ್ಲ.

ಮಾಮನ ವಿಷಯ ಆದ ಮೇಲೆ ನಮ್ಮ ಮಹಿಳಾ ವಿಭಾಗದ ಸಭೆಯಲ್ಲಿ ನಾನೊಂದು ಸಲಹೆ ಇಟ್ಟೆ, ಚರ್ಚೆ ಆಗಿ ಒಪ್ಪಿಕೊಂಡಿದ್ದಾರೆ. ಸಾವಿನ ಸುದ್ದಿಯನ್ನು ಅಡ್ಮಿನ್ ಒಬ್ಬರೇ ಹಾಕುವುದು. ಆ ದಿನ ಬೇರೆ ಯಾರೂ ಬರೆಯದಂತೆ ಸೆಟ್ಟಿಂಗ್ ಬದಲಿಸುವುದು. ವಾಟ್ಸಾಪಿನಲ್ಲಿ ಆ ಅನುಕೂಲ 2018ರಿಂದ ಇದೆ. ಸುದ್ದಿಯ ಜೊತೆಗೆ ಅಂತ್ಯಕ್ರಿಯೆಯ ಹೊತ್ತು, ಮನೆಯ ವಿಳಾಸ, ಮತ್ತು ಫೋನ್ ಎತ್ತಿಕೊಳ್ಳಲು ಒಪ್ಪಿದ ನೆಂಟರೊಬ್ಬರ ನಂಬರು ಇರಬೇಕು. ದುಃಖದಲ್ಲಿ ಇರುವವರ ನಂಬರು ಬೇಡ. ದೂರದಿಂದ ಬರುವವರು ಯಾವ ಗಾಡಿ, ಯಾವ ಸ್ಟೇಷನ್, ಯಾರು ಕರೆತರಲು ಹೋಗುತ್ತಾರೆ ಎಂಬುದನ್ನು ಆ ನೆಂಟರೇ ನೋಡಿಕೊಳ್ಳಲಿ. ನಿಮ್ಮ ಗ್ರೂಪುಗಳಲ್ಲೂ ಇದನ್ನು ಮಾಡಿ ನೋಡಿ. ವಿಳಾಸ ಬರೆಯುವಾಗ ಸ್ಟೇಷನ್ನಿನ ಈಸ್ಟೋ ವೆಸ್ಟೋ ತಪ್ಪದೆ ಬರೆಯಿರಿ. ಕೈಯಲ್ಲಿ ಹಣ್ಣು, ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಂದವರು ಭಾಂಡುಪಿನಲ್ಲಿ ಇಳಿದು ತಪ್ಪು ಬದಿಗೆ ಹೋದರೆ ಮತ್ತೆ ಸೇತುವೆ ಹತ್ತಿ ಬರಬೇಕಾಗುತ್ತದೆ.