ದೇವರ ಜಗಲಿಯ ಮೇಲಿನ ನಂಬರು

ಜರ್ಮನಿಗೆ ಹೊರಡುವಾಗ ನಾನು ಕೊಪ್ಪಳದ ಮನೆಯಲ್ಲಿ ಬಿಟ್ಟು ಬಂದ ಸ್ವಂತ ಆಸ್ತಿ ಎಂದರೆ ನನ್ನ ಹಳೆಯ ಮೊಬೈಲ್ ನಂಬರು ಒಂದೇ. ಬ್ಯಾಂಕು, ಆಧಾರ್, ಪಾನ್ ಎಲ್ಲವೂ ಅದಕ್ಕೇ ಗಂಟುಬಿದ್ದಿದ್ದರಿಂದ ಅದನ್ನು ಸಾಯಲು ಬಿಡುವಂತಿರಲಿಲ್ಲ. ರೋಮಿಂಗ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಜೇಬನ್ನು ಮುಚ್ಚಿಕೊಳ್ಳುವ ಸ್ವಭಾವ ನನ್ನದಾದ್ದರಿಂದ ಜೊತೆಗೆ ಒಯ್ಯುವಂತೆಯೂ ಇರಲಿಲ್ಲ. ಆದ್ದರಿಂದ ಸಿಮ್ಮನ್ನು ಒಂದು ಕೀಪ್ಯಾಡ್ ಫೋನಿಗೆ ಹಾಕಿ ಅವ್ವನ ಕೈಗೆ ಕೊಟ್ಟೆ. ಬೆಲೆಬಾಳುವ ವಸ್ತುವೆಂದು ತಿಳಿದ ಅವಳು ಅದನ್ನು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಳು. ಮಹಾನವಮಿಯ ಆಯುಧ ಪೂಜೆಯ ದಿನ ಕುಡಗೋಲು, ಈಳಿಗೆಮಣೆಗಳೊಂದಿಗೆ ಅದಕ್ಕೂ ಕುಂಕುಮ ಬಿತ್ತು.

ಮೊದಲ ಪೆಟ್ಟು ಬಿದ್ದದ್ದು ರೀಚಾರ್ಜ್ ಮುಗಿದಾಗ. 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ರದ್ದು ಮಾಡಬಹುದು, ಆದರೆ ಖಾತೆಯಲ್ಲಿ 20 ರೂಪಾಯಿ ಇದ್ದರೆ ಉಳಿಸಿಕೊಳ್ಳಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ನಿಯಮ ತಂದಿದೆಯೆಂದು ಎಲ್ಲೋ ಓದಿ ನಾನು ನಿಶ್ಚಿಂತನಾಗಿದ್ದೆ. ನಂಬರು ಉಳಿಯುವುದು ಬೇರೆ, ಅದಕ್ಕೆ ಮೆಸೇಜು ಬರುವುದು ಬೇರೆ ಎಂಬ ಸೂಕ್ಷ್ಮ ನನಗೆ ಹೊಳೆದಿರಲಿಲ್ಲ. ಪ್ಲಾನಿನ ಅವಧಿ ತೀರಿ ಇನ್‌ಕಮಿಂಗ್ ನಿಂತಿತು. ರೀಚಾರ್ಜ್ ಮಾಡೋಣವೆಂದು ಕಾರ್ಡಿನ ಅಂಕಿಗಳನ್ನೆಲ್ಲ ತುಂಬಿ ಕುಳಿತರೆ, ಬ್ಯಾಂಕು ಓಟಿಪಿಯನ್ನು ಅದೇ ನಂಬರಿಗೆ ಕಳಿಸಿದೆಯೆಂದು ತೆರೆಯ ಮೇಲೆ ಬಂತು. ಟ್ರಂಕಿನ ಕೀಲಿಕೈಯನ್ನು ಟ್ರಂಕಿನೊಳಗೇ ಇಟ್ಟು ಕೀಲಿ ಹಾಕಿದಂತಾಗಿತ್ತು. ಯುಪಿಐ ಇದೆಯಲ್ಲ ಎನ್ನಬಹುದು. ವಿದೇಶಿ ನಂಬರಿನಿಂದ ಯುಪಿಐ ಬಳಸಲು 2023ರ ಜನವರಿಯಲ್ಲಿ ಅವಕಾಶ ಕೊಟ್ಟ 10 ದೇಶಗಳ ಪಟ್ಟಿಯಲ್ಲಿ ಒಮಾನ್, ಕತಾರ್ ಎಲ್ಲ ಇದ್ದವು, ಜರ್ಮನಿ ಮಾತ್ರ ಇರಲಿಲ್ಲ. ಕೊನೆಗೆ ತಮ್ಮ ಓಣಿಯ ಅಂಗಡಿಗೆ ಹೋಗಿ ನಗದು ಕೊಟ್ಟು ಐದು ನಿಮಿಷದಲ್ಲಿ ಕೆಲಸ ಮುಗಿಸಿ ಬಂದ. ಬರುವಾಗ ನನ್ನ ಲೆಕ್ಕದಲ್ಲಿ ಒಗ್ಗರಣಿ ಮಿರ್ಚಿಯನ್ನೂ ತಿಂದು ಬಂದ.

ನಿಜವಾದ ಪರೀಕ್ಷೆ ಎದುರಾದದ್ದು ಜುಲೈ ತಿಂಗಳಲ್ಲಿ. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿ ಆಧಾರ್ ಓಟಿಪಿಯಿಂದ ಅದನ್ನು ದೃಢೀಕರಿಸಬೇಕಿತ್ತು. ಆರು ಅಂಕಿ, 15 ನಿಮಿಷದ ಆಯುಷ್ಯ, 3 ಅವಕಾಶ. ಇಲ್ಲಿ ಬೆಳಗಿನ ಏಳು ಗಂಟೆಯೆಂದರೆ ಬೇಸಿಗೆಯಲ್ಲಿ ಅಲ್ಲಿ ಹತ್ತೂವರೆ. ಅವ್ವನ ಪೂಜೆ, ರೊಟ್ಟಿ ಎರಡೂ ಮುಗಿದಿರುವ ಹೊತ್ತನ್ನು ಲೆಕ್ಕ ಹಾಕಿಯೇ ತಮ್ಮನ ಫೋನಿಗೆ ವಾಟ್ಸ್‌ಆ್ಯಪ್ ಕರೆ ಮಾಡಿದೆ. ತಮ್ಮ ಹೊಲಕ್ಕೆ ಹೋಗಿದ್ದ, ಫೋನು ಮನೆಯಲ್ಲಿತ್ತು, ಅವ್ವನೇ ಎತ್ತಿದಳು. ಜಗಲಿಯ ಮೇಲೆ ಮೆಸೇಜು ಬಂದ ಸದ್ದು ನನಗೂ ಕೇಳಿಸಿತು.

“ಅವ್ವಾ, ಆರು ನಂಬರ್ ಬಂದಾವ ನೋಡು, ಹೇಳು.”

“ಹೇಳೂದಿಲ್ಲ,” ಎಂದಳು. ಫೋನ್ ಮಾಡಿದಾಗಲೆಲ್ಲ ರಿಂಗಿಗಿಂತ ಮೊದಲು ಕೇಳಿಸುತ್ತಿದ್ದ ಸೈಬರ್ ವಂಚನೆಯ ಎಚ್ಚರಿಕೆಯನ್ನು ನಾವೆಲ್ಲ ಬೈದುಕೊಳ್ಳುತ್ತಿದ್ದ ಕಾಲದಲ್ಲಿ, ಪೂರ್ತಿ ಶ್ರದ್ಧೆಯಿಂದ ಆಲಿಸಿ ಮನದಟ್ಟು ಮಾಡಿಕೊಂಡವಳು ಇಡೀ ಜಿಲ್ಲೆಯಲ್ಲಿ ಬಹುಶಃ ನಮ್ಮ ಅವ್ವ ಒಬ್ಬಳೇ. “ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಹೇಳ್ತಾರ. ಯಾರಿಗೂ ಅಂದ್ರ ನೀನೂ ಬಂದಿ.”

“ನಾ ನಿನ್ನ ಮಗಾ ಅದೀನಿ!”

“ಅವರೂ ಹಂಗ ಅಂತಾರಂತ. ದನೀನೂ ಸುಳ್ಳು ಮಾಡ್ತಾರಂತ, ಮಾರೀನೂ ಸುಳ್ಳು ಮಾಡ್ತಾರಂತ. ನೀ ಖರೇವಂದ್ರ ನನ್ನ ಮಗಾ ಆಗಿದ್ರ ಹೇಳು, ಸಣ್ಣಾಂವ ಇದ್ದಾಗ ಗವಿಮಠದ ಜಾತ್ರ್ಯಾಗ ಎಲ್ಲಿ ಕಳದಿದ್ದಿ?”

ತೊಟ್ಟಿಲು ಗಾಲಿಯ ಹತ್ತಿರ ಎಂದು ನಾನು ಖಚಿತವಾಗಿ ಹೇಳಿದೆ. ಅಲ್ಲ, ಮಿರ್ಚಿ ಅಂಗಡಿಯ ಮುಂದೆ ಎಂಬುದು ಅವಳ ದಾಖಲೆ. ಕಳೆದುಹೋದವನು ನಾನು, ಆದ್ದರಿಂದ ನನ್ನ ಸಾಕ್ಷ್ಯಕ್ಕೇ ಹೆಚ್ಚಿನ ತೂಕವಿರಬೇಕೆಂದು ನಾನು ವಾದಿಸಿದರೆ, ಎಲ್ಲಿ ಕಳೆದೆನೆಂದು ಗೊತ್ತಿದ್ದರೆ ನೀನು ಕಳೆಯುತ್ತಲೇ ಇರಲಿಲ್ಲವೆಂದು ಅವಳು ಪ್ರತಿವಾದ ಹೂಡಿದಳು. ಆ ವರ್ಷದ ತೇರು, ಮಹಾದಾಸೋಹಕ್ಕೆ ನಮ್ಮ ಮನೆಯಿಂದ ಹೋದ ರೊಟ್ಟಿಗಳ ಸಂಖ್ಯೆ, ನನ್ನನ್ನು ಹುಡುಕಿ ತಂದ ಸೋದರಮಾವನ ಗುಣಗಾನ ಎಲ್ಲವೂ ಬಂದುಹೋದವು. ತೆರಿಗೆ ಇಲಾಖೆಯ 15 ನಿಮಿಷವೂ ಬಂದುಹೋಯಿತು. ಸರ್ಕಾರ ಕೊಟ್ಟ 3 ಅವಕಾಶಗಳಲ್ಲಿ ಒಂದನ್ನೂ ಬಳಸದೆಯೇ, ಅವ್ವ ಕೊಟ್ಟ ಒಂದೇ ಅವಕಾಶದಲ್ಲಿ ನಾನು ನಪಾಸಾಗಿದ್ದೆ.

ಸಿಟ್ಟು ನೆತ್ತಿಗೇರಿ, ಬಾಯಿಗೆ ಬಂದಂತೆ ಒಂದಿಷ್ಟು ಕೂಗಾಡಿದೆ. ಅತ್ತಲಿಂದ ಸಮಾಧಾನದ ಉಸಿರು ಕೇಳಿಸಿತು. “ಹಾಂ, ಹಿಂಗ ಒದರಾಂವ ನನ್ನ ಮಗಾನ. ಬರಕೊ.” ಎರಡನೆಯ ಓಟಿಪಿ ತರಿಸಿ, ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿಸಿಕೊಂಡು, ಅಂತೂ ರಿಟರ್ನ್ ದೃಢೀಕರಿಸಿದೆ.

ಇದಾಗಿ ಎರಡು ತಿಂಗಳ ನಂತರ, ಇಲ್ಲಿ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಅವ್ವನೇ ಕರೆ ಮಾಡಿದಳು. ಜಗಲಿಯ ಫೋನಿಗೆ ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬಾತ ಫೋನ್ ಮಾಡಿ, ಈಗ ಬಂದ ಓಟಿಪಿ ಹೇಳಿರಿ, ಇಲ್ಲದಿದ್ದರೆ ನಿಮ್ಮ ಮಗನ ಖಾತೆ ಬಂದ್ ಆಗುತ್ತದೆ ಎಂದನಂತೆ. ನನ್ನ ಎದೆ ಧಸಕ್ಕೆಂದಿತು.

“ನೀ ಏನಂದಿ ಅವ್ವಾ?”

“ನಾ ಏನನ್ನಲಿ? ಜಾತ್ರ್ಯಾಗ ನನ್ನ ಮಗಾ ಎಲ್ಲಿ ಕಳದಿದ್ದ ಹೇಳಪಾ ಅಂದೆ. ಫೋನ್ ಇಟ್ಟ.”