ಸಿಟಿ ಪಾಸ್ ಕೊಳ್ಳುವ ಮುನ್ನ ಒಂದು ಲೆಕ್ಕ

ನಗರಕ್ಕೆ ಇಳಿದ ಕೂಡಲೇ ಸಿಟಿ ಪಾಸ್ (ಊರಿನ ಹಲವು ನೋಡುವ ಜಾಗಗಳಿಗೆ ಒಟ್ಟಿಗೆ ಕೊಳ್ಳುವ ಒಂದೇ ಟಿಕೆಟ್) ಕೊಂಡುಬಿಡಿ, ದುಡ್ಡು ಉಳಿಯುತ್ತೆ ಅಂತ ನಿಮ್ಮ ಪ್ರವಾಸ ಲೇಖನದಲ್ಲಿ ಹೇಳಿದ್ದೀರಿ. ಇದು ಎಲ್ಲರಿಗೂ ಹೊಂದಲ್ಲ. ದಿನಕ್ಕೆ ನಾಲ್ಕೈದು ಕಡೆ ಓಡಾಡಿ ನೋಡುವವರಿಗೆ ಲಾಭ, ಸರಿ. ಒಂದೇ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯುವ ನನ್ನಂಥವರಿಗೆ ನಷ್ಟವೇ. ಇನ್ನೊಂದು, ಕೆಲವು ಪಾಸ್‌ಗಳದ್ದು 24 ಗಂಟೆ ಲೆಕ್ಕ, ಕೆಲವದ್ದು ಕ್ಯಾಲೆಂಡರ್ ದಿನದ ಲೆಕ್ಕ. ಎರಡನೇ ಬಗೆಯದನ್ನು ಸಂಜೆ ಶುರು ಮಾಡಿದರೆ ಒಂದು ದಿನ ಹೋದಂತೆಯೇ.

ಮೊದಲು ಉಚಿತವಾಗಿ ಏನೇನಿದೆ ನೋಡಿಕೊಳ್ಳಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹಕ್ಕೆ ಪ್ರವೇಶ ಶುಲ್ಕವೇ ಇಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಮುಚ್ಚುವ ಮುಂಚಿನ ಎರಡು ಗಂಟೆ ಉಚಿತ (ಕ್ಯೂ ಮಾತ್ರ ಉದ್ದ!). ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ಫೆರಿಗೂ ಕಾಸು ಬೇಡ, ಲಿಬರ್ಟಿ ಪ್ರತಿಮೆ ದಾರಿಯಲ್ಲೇ ಕಾಣುತ್ತೆ. ಈ ಫೆರಿಗೂ ಟಿಕೆಟ್ ಮಾರಲು ಬರುವವರನ್ನು ನಂಬಬೇಡಿ. ಲಕ್ಸೆಂಬರ್ಗ್‌ನಲ್ಲಂತೂ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲ ಫ್ರೀ.

ಲೇಖನ ಬಿಟ್ಟಿರುವ ಮುಖ್ಯ ವಿಷಯ ಫೇರ್ ಕ್ಯಾಪಿಂಗ್, ಅಂದರೆ ಓಡಾಟದ ದರಕ್ಕೆ ಒಂದು ಮಿತಿ. ಲಂಡನ್ನಿನಂಥ ಕಡೆ ಬಸ್ಸು, ರೈಲುಗಳ ಟಿಕೆಟ್ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತಾಗಿಸುತ್ತಾ ಓಡಾಡಿದರೆ, ದಿನದ ಮಿತಿ ತಲುಪಿದ ಮೇಲೆ ಮತ್ತೆ ಹಣ ಕಟ್ ಆಗೋದಿಲ್ಲ. ದಿನದ ಪಾಸ್ ಮೊದಲೇ ಕೊಳ್ಳುವ ತಲೆನೋವೇ ಇಲ್ಲ. ಆದರೆ ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ತಾಗಿಸಿದರೆ ಲೆಕ್ಕ ಬೇರೆ ಬೇರೆ ಆಗುತ್ತೆ; ಫೋನಿನಲ್ಲಿರುವುದು ಅದೇ ಕಾರ್ಡ್ ಆದರೂ ಅಷ್ಟೇ. ಟ್ಯೂಬ್‌ನಿಂದ (ಲಂಡನ್ನಿನ ಮೆಟ್ರೋ) ಇಳಿದು ಹೊರಬರುವಾಗಲೂ ತಾಗಿಸಬೇಕು, ಮರೆತರೆ ಗರಿಷ್ಠ ದರ ಬೀಳುತ್ತೆ.