ನೆಟ್ ಇಳಿಸುವವರು ಯಾರು?

ಮಗಳು ಓದುವ ಮಾಧ್ಯಮಿಕ ಶಾಲೆಯ ಕ್ರೀಡಾ ಸಮಿತಿಗೆ ಪೋಷಕರ ಪ್ರತಿನಿಧಿಯಾಗಿ ನನ್ನನ್ನು ಸೇರಿಸಿಕೊಂಡದ್ದು ನನ್ನ ಕ್ರೀಡಾಜ್ಞಾನ ನೋಡಿ ಅಲ್ಲ. ಅವತ್ತಿನ ಸಭೆ ಮುಗಿಯುವ ಮೊದಲೇ ಜಾರಿಕೊಳ್ಳಲು ಗೊತ್ತಾಗದೆ ಕೂತಿದ್ದವನು ನಾನೊಬ್ಬನೇ, ಅದಕ್ಕೆ. ಸಮಿತಿಯ ಮುಂದಿದ್ದದ್ದು ಒಂದೇ ವಿಷಯ. ಆರರಿಂದ ಎಂಟನೇ ತರಗತಿವರೆಗಿನ ಹದಿನಾಲ್ಕು ಹುಡುಗಿಯರು ಸಹಿ ಹಾಕಿ ಅರ್ಜಿ ಕೊಟ್ಟಿದ್ದರು: ‘ನಮಗೂ ವಾಲಿಬಾಲ್ ಬೇಕು.’ ಮೂರು ಪದ. ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ಐದು ಸಭೆ, ಎರಡು ಉಪಸಮಿತಿ ಮತ್ತು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಅರ್ಥವಾಯಿತು ಅಂತ ಈಗಲೂ ಎದೆ ತಟ್ಟಿ ಹೇಳಲಾರೆ.

ಹಾಗಂತ ಶಾಲೆಯಲ್ಲಿ ವಾಲಿಬಾಲ್ ಇಲ್ಲ ಅಂದುಕೊಳ್ಳಬೇಡಿ. ಕೋರ್ಟ್ ಇದೆ, 18 ಮೀಟರ್ ಉದ್ದ, 9 ಮೀಟರ್ ಅಗಲ, ಸುಣ್ಣದ ಗೆರೆ ಸಮೇತ. ಎರಡು ಕಂಬ, ಒಂದು ನೆಟ್, ನಾಲ್ಕು ಬಾಲ್ ಇವೆ. ಅದರಲ್ಲಿ ಮೂರಕ್ಕೆ ಗಾಳಿಯೂ ಇದೆ. ವಾರದಲ್ಲಿ ಐದು ಸಂಜೆ ಹುಡುಗರು ಆಡುತ್ತಾರೆ. ಹುಡುಗಿಯರು ಗೆರೆಯಾಚೆ ನಿಂತು, ಹೊರಗೆ ಉರುಳಿದ ಬಾಲನ್ನು ಎತ್ತಿ ಕೊಡುತ್ತಾರೆ. ಮುಖ್ಯೋಪಾಧ್ಯಾಯರು ಮೊದಲ ಸಭೆಯಲ್ಲೇ ಇದನ್ನು ನೆನಪಿಸಿ, ‘ನಮ್ಮ ಶಾಲೆಯ ಹೆಣ್ಣುಮಕ್ಕಳು ವಾಲಿಬಾಲ್‌ನಲ್ಲಿ ಈಗಾಗಲೇ ಸಕ್ರಿಯವಾಗಿ ತೊಡಗಿಕೊಂಡಿದ್ದಾರೆ’ ಎಂದು ನಡಾವಳಿಯಲ್ಲಿ ಬರೆಸಿದರು.

ಆಮೇಲೆ ಬಂದದ್ದು ಆಸಕ್ತಿಯ ಪ್ರಶ್ನೆ. ಹುಡುಗಿಯರಿಗೆ ನಿಜವಾಗಿ ಆಸಕ್ತಿ ಇದೆಯೇ?

‘ಅರ್ಜಿ ಕೊಟ್ಟಿದ್ದಾರಲ್ಲ ಸರ್?’ ಅಂದೆ.

‘ಅರ್ಜಿ ಬೇರೆ, ಆಸಕ್ತಿ ಬೇರೆ’ ಅಂದರು ಅಧ್ಯಕ್ಷರು. ತಾವೇ ನಾಲ್ಕು ಸಲ ಅರ್ಜಿ ಹಾಕಿ ಅಧ್ಯಕ್ಷರಾದವರು, ಅವರಿಗೆ ಗೊತ್ತಿರುತ್ತದೆ.

ಸರಿ, ಸಮೀಕ್ಷೆಯಾಯಿತು. ನಮೂನೆಯ ಮೊದಲ ಪ್ರಶ್ನೆ: ‘ನೀವು ಈವರೆಗೆ ಎಷ್ಟು ವಾಲಿಬಾಲ್ ಪಂದ್ಯ ಆಡಿದ್ದೀರಿ? ಪ್ರಮಾಣಪತ್ರದ ಪ್ರತಿ ಲಗತ್ತಿಸಿ.’ ಹದಿನಾಲ್ಕು ಮಂದಿಯೂ ಸೊನ್ನೆ ಬರೆದಿದ್ದರು. ಒಬ್ಬಳು ಮಾತ್ರ ‘ಬಾಲ್ ಎತ್ತಿ ಕೊಟ್ಟದ್ದು: ಲೆಕ್ಕ ಇಟ್ಟಿಲ್ಲ’ ಎಂದು ಬರೆದಿದ್ದಳು. ಸಮೀಕ್ಷೆಯ ಫಲಿತಾಂಶ: ಅನುಭವಿ ಆಟಗಾರ್ತಿಯರ ಕೊರತೆಯಿಂದಾಗಿ ತಂಡ ಕಟ್ಟುವುದು ಕಷ್ಟ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಆ ಗಾದೆಗೆ ಮೂರು ಪುಟದ ನಮೂನೆಯನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗರ ಆಸಕ್ತಿಯನ್ನು ಯಾರು ಯಾವಾಗ ಅಳೆದರು ಅಂತ ಕೇಳಬೇಕು ಅನ್ನಿಸಿತು. ಆದರೆ ಅಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು.

ಎರಡನೇ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕಳಕಳಿಯಿಂದ ಮಾತಾಡಿದರು. ಆಟ ಒರಟು, ಹೆಣ್ಣುಮಕ್ಕಳ ಕೈಬೆರಳು ಸೂಕ್ಷ್ಮ, ನಾಳೆ ಏನಾದರೂ ಆದರೆ ಯಾರು ಹೊಣೆ? ಮಾತು ಮುಗಿಸುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ಸಭೆ ಮೊದಲ ಮಹಡಿಯಲ್ಲಿತ್ತು. ನನಗೆ ಪಾಪ ಅನ್ನಿಸಿತು, ಯಾಕೆಂದರೆ ವಾಲಿಬಾಲ್ ಹುಟ್ಟಿದ್ದೇ ಅವರಂಥವರಿಗಾಗಿ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಅನ್ನುವ ವ್ಯಾಯಾಮ ಶಿಕ್ಷಕರಿದ್ದರು. ಅವರ ಹತ್ತಿರ ಮೈ ಕರಗಿಸಲು ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ, ಆಗಷ್ಟೇ ಬಂದಿದ್ದ ಬಾಸ್ಕೆಟ್‌ಬಾಲ್ ತಾಳಿಕೊಳ್ಳಲು ಆಗುತ್ತಿರಲಿಲ್ಲ. ಯಾರೂ ಯಾರಿಗೂ ಡಿಕ್ಕಿ ಹೊಡೆಯಬಾರದು ಅಂತ ನಡುವೆ ನೆಟ್ ಕಟ್ಟಿ, ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಎಂದು ನಿಲ್ಲಿಸಿ ಮಾರ್ಗನ್ ಒಂದು ಆಟ ಹೊಸೆದರು. ಮಿಂಟೊನೆಟ್ ಎಂದು ಹೆಸರಿಟ್ಟರು. ಮರುವರ್ಷವೇ ಅದು ವಾಲಿಬಾಲ್ ಆಯಿತು. ಹೊಟ್ಟೆ ಬಂದ ಗಂಡಸರಿಗೆ ಹಗುರವಾಗಿರಲಿ ಅಂತ ಮಾಡಿದ ಆಟ ನೂರಿಪ್ಪತ್ತು ಚಿಲ್ಲರೆ ವರ್ಷ ದಾಟಿ ನಮ್ಮ ಸಮಿತಿಗೆ ಬರುವಷ್ಟರಲ್ಲಿ, ದಿನವಿಡೀ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವ ಹನ್ನೆರಡರ ಹುಡುಗಿಗೆ ಒರಟಾಗಿಬಿಟ್ಟಿತ್ತು.

‘ಅದೇನೇ ಇರಲಿ, ಹೆಣ್ಣುಮಕ್ಕಳ ವಾಲಿಬಾಲ್ ಅನ್ನುವುದು ಇನ್ನೂ ಹೊಸ ಪ್ರಯೋಗ’ ಅಂದರು ಮುಖ್ಯೋಪಾಧ್ಯಾಯರು.

ಈ ಪ್ರಯೋಗದ ವಯಸ್ಸನ್ನು ನಾನು ಸಭೆಗೆ ತಿಳಿಸಿದೆ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1952ರಲ್ಲಿ, ಮಾಸ್ಕೋದಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ವಾಲಿಬಾಲ್ ಬಂದಾಗ ಗಂಡಸರು ಮೊದಲು, ಹೆಂಗಸರು ಆಮೇಲೆ ಅಂತ ಬರಲಿಲ್ಲ, ಇಬ್ಬರೂ ಒಟ್ಟಿಗೇ ಬಂದರು. ಅಲ್ಲಿ ಚಿನ್ನ ಗೆದ್ದ ಜಪಾನ್ ತಂಡದ ಹೆಚ್ಚಿನವರು ಒಂದೇ ನೂಲಿನ ಗಿರಣಿಯ ಕೆಲಸಗಾರ್ತಿಯರು. ಹಗಲು ಗಿರಣಿ ಕೆಲಸ, ಆಮೇಲೆ ನಡುರಾತ್ರಿ ದಾಟುವವರೆಗೆ ಅಭ್ಯಾಸ. ಸೋವಿಯತ್ ತಂಡವನ್ನು 3-0ಯಿಂದ ಸೋಲಿಸಿದರು. ಅವರ ಕೈಬೆರಳುಗಳ ವಿಷಯದಲ್ಲಿ ದೂರು ಕೊಟ್ಟದ್ದು ಎದುರಾಳಿಗಳು ಮಾತ್ರ ಇರಬೇಕು.

ಸಭೆ ಅಲುಗಲಿಲ್ಲ. ಕೊನೆಯ ಅಸ್ತ್ರ ಬಿಟ್ಟೆ. ‘2023ರ ಆಗಸ್ಟ್‌ನಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಕಾಲೇಜು ಹುಡುಗಿಯರ ವಾಲಿಬಾಲ್ ಪಂದ್ಯ ನೋಡಲು 92,003 ಜನ ಬಂದಿದ್ದರು ಸರ್.’

ಈಗ ಅಧ್ಯಕ್ಷರು ಗಾಬರಿಯಾದರು. ‘ಅಷ್ಟು ಜನ ಇಲ್ಲಿಗೆ ಬಂದರೆ ಪಾರ್ಕಿಂಗ್ ಎಲ್ಲಿ?’ ನಡಾವಳಿಯಲ್ಲಿ ‘ಪಾರ್ಕಿಂಗ್ ಸಮಸ್ಯೆ’ ಎಂಬ ಹೊಸ ಶೀರ್ಷಿಕೆ ಸೇರಿತು. ಮೊದಲ ಉಪಸಮಿತಿ ಹುಟ್ಟಿದ್ದು ಹೀಗೆ.

ಮೂರನೇ ಸಭೆ ಉಡುಪಿನ ಬಗ್ಗೆ. ಆರು ಜನ ಗಂಡಸರು ಎರಡೂವರೆ ಗಂಟೆ ಮಾತಾಡಿದೆವು. ನಾನೂ ಮಾತಾಡಿದೆ, ನಾಚಿಕೆಯಾಗುತ್ತದೆ. ಹಾಕಿಕೊಂಡು ಆಡುವವರನ್ನು ಒಂದು ಮಾತು ಕೇಳೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ. ‘ಮೊಣಕಾಲಿಗೆ ಪ್ಯಾಡ್ ಕೊಡಿಸಿದರೆ ಸಾಕು’ ಅಂತ ಪಿ.ಟಿ. ಮೇಡಂ ಬಾಗಿಲಿನಿಂದಲೇ ಹೇಳಿ ಹೋದರು. ಅದೊಂದು ಮಾತು ನಡಾವಳಿಯಲ್ಲಿ ಇಲ್ಲ.

ನಾಲ್ಕನೇ ಸಭೆಗೆ ನಿಜವಾದ ಅಡ್ಡಿ ಎದುರಾಯಿತು. ನೆಟ್ಟಿನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ವ್ಯತ್ಯಾಸ 19 ಸೆಂಟಿಮೀಟರ್. ಅಂದರೆ ಮೇಜಿನ ಮೇಲಿದ್ದ ನಡಾವಳಿ ಪುಸ್ತಕಕ್ಕಿಂತ ಮೋಟು. ನಮ್ಮ ನೆಟ್ 2.43ಕ್ಕೆ ಕಟ್ಟಿದೆ. ಹುಡುಗಿಯರು ಆಡಬೇಕಾದರೆ ಇಳಿಸಬೇಕು. ಇಳಿಸುವವರು ಯಾರು? ಇಳಿಸಿದ್ದನ್ನು ಹುಡುಗರ ಪಾಳಿಗೆ ಮತ್ತೆ ಏರಿಸುವವರು ಯಾರು? ದಿನಾ ಏರಿಸಿ ಇಳಿಸಿದರೆ ಸ್ಕ್ರೂ ಸವೆಯುತ್ತದಲ್ಲ, ಅದಕ್ಕೆ ಯಾವ ಲೆಕ್ಕಶೀರ್ಷಿಕೆಯಿಂದ ಹಣ? ಹುಡುಗಿಯರಿಗೆ ಬೇರೆಯದೇ ಕಂಬ ಹಾಕಿಸೋಣ ಎಂದರು ಒಬ್ಬರು. ಹಾಗಾದರೆ ಬೇರೆ ಕೋರ್ಟೇ ಬೇಕು ಎಂದರು ಇನ್ನೊಬ್ಬರು. ಬೇರೆ ಕೋರ್ಟಿಗೆ ಜಾಗವಿಲ್ಲ ಎಂದರು ಮೂರನೆಯವರು. ಆದ್ದರಿಂದ ವಾಲಿಬಾಲ್ ಸಾಧ್ಯವಿಲ್ಲ ಅಂತ ನಾಲ್ಕನೆಯವರು ಪೆನ್ನಿನ ಕ್ಯಾಪ್ ಮುಚ್ಚಿದರು. ಇಷ್ಟು ಚೊಕ್ಕವಾದ ರ‍್ಯಾಲಿಯನ್ನು ನಮ್ಮ ಹುಡುಗರೂ ಆಡಿದ್ದಿಲ್ಲ.

‘ನೆಟ್ ಎತ್ತರ ಉಪಸಮಿತಿ’ ರಚನೆಯಾಯಿತು. ಸಂಚಾಲಕ, ಊಹಿಸಿದ್ದೀರಿ, ನಾನೇ.

ಟೇಪು ಹಿಡಿದು ಕೋರ್ಟಿಗೆ ಹೋದೆ. ಕಂಬದ ಹತ್ತಿರ 2.43 ಸರಿಯಾಗೇ ಇತ್ತು. ನಡುವೆ ಹೋಗಿ ಅಳೆದರೆ 2.21! ಒಣಹಾಕಿದ ಸೀರೆಯ ಹಾಗೆ ನೆಟ್ ಜೋತುಬಿದ್ದಿತ್ತು. ನಿಯಮದ ಪ್ರಕಾರ ಎತ್ತರ ಅಳೆಯಬೇಕಾದದ್ದು ನಟ್ಟನಡುವೆಯೇ. ಪಕ್ಕದ ಗೆರೆಗಳ ಮೇಲೆ ಅದಕ್ಕಿಂತ ಎರಡು ಸೆಂಟಿಮೀಟರಿಗಿಂತ ಹೆಚ್ಚಿರುವಂತಿಲ್ಲ. ಅಂದರೆ ನಮ್ಮ ಹುಡುಗರು ಇಷ್ಟು ವರ್ಷ ಆಡುತ್ತಿದ್ದದ್ದು ಗಂಡಸರ ನೆಟ್ಟೂ ಅಲ್ಲ, ಹೆಂಗಸರದ್ದೂ ಅಲ್ಲ. ಅಷ್ಟಕ್ಕೂ ಈ ವಯಸ್ಸಿನ ಮಕ್ಕಳಿಗೆ, ಹುಡುಗರಾಗಲಿ ಹುಡುಗಿಯರಾಗಲಿ, ಸಾಮಾನ್ಯವಾಗಿ ಇನ್ನೂ ತಗ್ಗಿಸಿಯೇ ಕಟ್ಟುತ್ತಾರೆ. ಆರನೇ ತರಗತಿಯ ಹುಡುಗನ ಸ್ಮ್ಯಾಶ್ ನೆಟ್ಟಿನ ಕೆಳಗಿಂದ ನುಗ್ಗಿ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಪಾಯಿಂಟ್ ಕೊಡುತ್ತಿದ್ದರು.

ವರದಿ ಸಲ್ಲಿಸಿದೆ: ನೆಟ್ ತಾನಾಗಿಯೇ ಇಳಿದಿದೆ, ಅಭ್ಯಂತರವಿಲ್ಲದಿದ್ದರೆ ಹುಡುಗಿಯರು ಆಡಬಹುದು. ಅಧ್ಯಕ್ಷರು ಓದಿ, ಅನಧಿಕೃತವಾಗಿ ಇಳಿದ ನೆಟ್ಟನ್ನು ಅಧಿಕೃತವಾಗಿ ಪರಿಗಣಿಸಲು ಬರುವುದಿಲ್ಲ ಎಂದರು.

ಐದನೇ ಸಭೆ ವೇಳಾಪಟ್ಟಿಯದು. ಐದು ಸಂಜೆ ಹುಡುಗರಿಗೆ. ಆರನೆಯದು ಕೋರ್ಟಿನ ವಿಶ್ರಾಂತಿಗೆ. ಅದರ ಬದಲು ಹುಡುಗಿಯರಿಗೆ ಮ್ಯೂಸಿಕಲ್ ಚೇರ್ ಹೆಚ್ಚಿಸೋಣ ಎಂಬ ಸಲಹೆ ಬಂದು ಸರ್ವಾನುಮತದಿಂದ ಅಂಗೀಕಾರವಾಯಿತು. ಕುರ್ಚಿಗಾಗಿ ಸುತ್ತುವ ಆಟದ ಮೇಲೆ ಸಮಿತಿಗಳಿಗೆ ಅಭಿಮಾನ ಇದ್ದೇ ಇರುತ್ತದೆ.

ಇದಾಗಿ ನಾಲ್ಕು ದಿನಕ್ಕೆ, ಸಂಜೆ ಮಗಳನ್ನು ಕರೆತರಲು ಹೋಗಿದ್ದೆ. ಕೋರ್ಟಿನ ವಿಶ್ರಾಂತಿಯ ದಿನ. ಎಂಟನೇ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ಹತ್ತಿ, ತುಕ್ಕು ಹಿಡಿದ ಸ್ಕ್ರೂಗೆ ಕರ್ಚೀಫ್ ಸುತ್ತಿ ತಿರುಗಿಸುತ್ತಿದ್ದಳು. ಇಬ್ಬರು ಬೆಂಚು ಹಿಡಿದಿದ್ದರು. ಆ ಕಂಬ ಆಯಿತು, ಬೆಂಚು ಹೊತ್ತು ಈ ಕಂಬಕ್ಕೆ ಬಂದರು. ಹಗ್ಗ ಎಳೆದು ಬಿಗಿದಾಗ ನೆಟ್ ನಡುವೆಯೂ ನೆಟ್ಟಗಾಯಿತು. ಉಪಸಮಿತಿಯ ಸಂಚಾಲಕನಾಗಿ ಗಡಿಯಾರ ನೋಡಿಕೊಂಡೆ: ಆರು ನಿಮಿಷ.

ಮೊದಲ ಸರ್ವೀಸ್ ನೆಟ್ಟಿಗೆ. ಎರಡನೆಯದು ಆಕಾಶಕ್ಕೆ. ಮೂರನೆಯದು ಮುಖ್ಯೋಪಾಧ್ಯಾಯರ ಕಿಟಕಿಯ ಸರಳಿಗೆ. ಆಮೇಲೆ ಒಂದು ದಾಟಿತು. ‘ನಂದು, ನಂದು!’ ಎಂದು ಇಬ್ಬರು ಒಟ್ಟಿಗೆ ಕೂಗಿ, ಇಬ್ಬರೂ ಬಿಟ್ಟು, ಬಾಲ್ ನಡುವೆ ಬಿತ್ತು. ವಾಪಸ್ ಬರುವಾಗ ನನ್ನ ಮಗಳು ಮುಂಗೈ ತೋರಿಸಿದಳು, ಮಣಿಕಟ್ಟಿನ ಮೇಲಿನಿಂದ ಮೊಣಕೈವರೆಗೆ ಕೆಂಪು. ಏನೋ ಬಹುಮಾನ ತೋರಿಸುವವಳ ಹಾಗೆ.

ಹುಡುಗರು ಮರುದಿನ ನೆಟ್ ಏರಿಸಲಿಲ್ಲ. ಅವರ ಸ್ಮ್ಯಾಶ್ ಮೊದಲ ಸಲ ನೆಟ್ಟಿನ ಮೇಲಿಂದ ಹೋಗುತ್ತಿತ್ತು.

ಒಂದು ವರ್ಷ ಹಿಡಿದ ಸಮಿತಿಗೆ ಈ ಸಲ ಒಂದು ರಾತ್ರಿ ಸಾಕಾಯಿತು. ಬೆಳಗ್ಗೆ ಸೂಚನಾ ಫಲಕದ ಮೇಲೆ ಅಧ್ಯಕ್ಷರ ಸಹಿಯ ಹಾಳೆ ಅಂಟಿತ್ತು: ‘ಅನುಮತಿ ಇಲ್ಲದೆ ನೆಟ್ ಇಳಿಸಿದವರು ಯಾರು? ಮಾಹಿತಿ ಇರುವವರು ಕೂಡಲೇ ತಿಳಿಸುವುದು.’ ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ, ದುಂಡಗಿನ ಅಕ್ಷರದಲ್ಲಿ, 25-23 ಎಂದು ಬರೆದಿದ್ದರು.